ತಾತನ ವಿಷಯ ಮಗುವಿಗೆ ಹೇಳಲಿಲ್ಲ

ಬೀದಿಗೆ ನುಗ್ಗಿದ ನೆರೆ ಇಳಿದು ಎರಡು ತಿಂಗಳಾಗಿತ್ತು. ಇಸ್ತ್ರಿ ಅಂಗಡಿಯ ಗೋಡೆಯ ಮೇಲೆ ಕೆಸರಿನ ಗೆರೆ ಇನ್ನೂ ಹೋಗಿರಲಿಲ್ಲ. ಇಸ್ತ್ರಿಯವನು ಯಾರದೋ ಹಳೆಯ ಇಸ್ತ್ರಿ ಪೆಟ್ಟಿಗೆ ತಂದು ಮತ್ತೆ ಕೆಲಸಕ್ಕೆ ನಿಂತಿದ್ದ. ಹೆಂಡತಿ ಬಟ್ಟೆಗೆ ನೀರು ಚಿಮುಕಿಸಿ ಕೊಡುತ್ತಿದ್ದಳು. ಸರಿಹೋಗದೆ ಉಳಿದವಳು ಅವರ ಎಂಟು ವರ್ಷದ ಮಗಳು ಪುಟ್ಟಿ.

ಯೂನಿಫಾರಂ ಕಂಡರೆ ಸಾಕು, ಮಂಚದ ಕೆಳಗೆ ಸೇರುತ್ತಿದ್ದಳು. ಶಾಲೆಯ ಮಾತೇ ಇಲ್ಲ. ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗಿತ್ತು. ಅಮ್ಮ ಬೈದಳು, ಅಪ್ಪ ಹೊಡೆದೂ ನೋಡಿದ. ನೆರೆಯ ದಿನ ತಾತ ತೀರಿಕೊಂಡದ್ದನ್ನು ಮಾತ್ರ ಯಾರೂ ಅವಳಿಗೆ ಹೇಳಲಿಲ್ಲ. ಕೇಳಿದರೆ, ಅತ್ತೆಯ ಮನೆಗೆ ಹೋಗಿದ್ದಾರೆ ಎನ್ನುತ್ತಿದ್ದರು. ಬರಬರುತ್ತಾ ಅವಳು ಕೇಳುವುದನ್ನೇ ಬಿಟ್ಟಳು. ಸದ್ಯ ಮರೆತಳಲ್ಲ ಎಂದು ಇವರು ಸಮಾಧಾನಪಟ್ಟುಕೊಂಡರು. ಎಂಥ ತಪ್ಪು ತಿಳಿವಳಿಕೆ!

ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ಮಗುವಿನ ಬಗ್ಗೆ ವಿಚಾರಿಸಿದಾಗ ಇಸ್ತ್ರಿಯವನು ತಲೆ ಎತ್ತಲಿಲ್ಲ.

"ಜ್ವರ ಇಲ್ಲ, ಕೆಮ್ಮು ಇಲ್ಲ. ಮಕ್ಕಳಿಗೇನು ತಿಳಿಯುತ್ತೆ ನರ್ಸಮ್ಮ? ನಾಲ್ಕು ದಿನ ಹೋದ್ರೆ ತಾನೇ ಸರಿಹೋಗ್ತಾಳೆ."

ನರ್ಸಮ್ಮ ವಾದಕ್ಕಿಳಿಯಲಿಲ್ಲ. ಪುಟ್ಟಿಯ ಪಕ್ಕ ಕೂತು ಕರವಸ್ತ್ರ ಮಡಿಸತೊಡಗಿದಳು. ಆಕೆಯ ಸೊಟ್ಟ ಮಡಿಕೆ ನೋಡಲಾರದೆ ಪುಟ್ಟಿಯೇ ತಿದ್ದಿಕೊಟ್ಟಳು. ಸುಮಾರು ಹೊತ್ತಾದ ಮೇಲೆ, ನೀರು ಬಂದ ದಿನ ಏನಾಯಿತು ಎಂದು ನರ್ಸಮ್ಮ ಮೆಲ್ಲಗೆ ಕೇಳಿದಳು.

"ನನ್ನ ಯೂನಿಫಾರಂ ಅಂಗಡಿಯಲ್ಲೇ ಇದೆ ಅಂತ ತಾತಂಗೆ ಹೇಳ್ದೆ. ತಾತ ಮಹಡಿಯಿಂದ ಕೆಳಗೆ ಹೋದ್ರು. ಬರ್ಲೇ ಇಲ್ಲ. ನನ್ನಿಂದಾನೇ."

ಇಸ್ತ್ರಿಯವನ ಕೈ ನಿಂತುಹೋಯಿತು. ಅಂಗಿ ಸುಟ್ಟ ವಾಸನೆ ಬಂದ ಮೇಲೆಯೇ ಅವನು ಪೆಟ್ಟಿಗೆ ಎತ್ತಿದ್ದು. ಆ ದಿನ ಗಿರಾಕಿಗಳ ಬಟ್ಟೆಯನ್ನೆಲ್ಲ ಮಹಡಿಗೆ ಸಾಗಿಸಿ, ಇಸ್ತ್ರಿ ಪೆಟ್ಟಿಗೆ ಕೆಳಗೇ ಉಳಿಯಿತು, ತಂದುಬಿಡು ಎಂದು ತನ್ನ ಅಪ್ಪನನ್ನು ಕಳಿಸಿದವನು ಅವನೇ. ಹೆಂಡತಿಗೂ ಹೇಳಿರಲಿಲ್ಲ. ಅವನು ಬಾಯಿ ಬಿಡದ ತಪ್ಪಿಗೆ, ಮಗು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕೂತಿತ್ತು.

"ತಾತನ ವಿಷಯ ನಿಜ ಹೇಳಿಬಿಡಿ ಅಣ್ಣ" ಎಂದಳು ನರ್ಸಮ್ಮ. "ನೀವು ಅತ್ರೂ ಪರವಾಗಿಲ್ಲ. ದೊಡ್ಡವರು ಹೇಳದೆ ಇದ್ರೆ ಮಕ್ಕಳು ತಪ್ಪೆಲ್ಲ ತಮ್ಮ ತಲೆ ಮೇಲೇ ಹಾಕ್ಕೊಳ್ತಾರೆ."

ಅವನು ಮಗಳ ಮುಂದೆ ಕುಕ್ಕರಿಸಿದ. "ತಾತ ತೀರಿಕೊಂಡ್ರು ಪುಟ್ಟಿ. ನಿನ್ನ ಬಟ್ಟೆಗಲ್ಲ, ಪೆಟ್ಟಿಗೆ ತರೋಕೆ ನಾನೇ ಕಳಿಸಿದ್ದೆ. ನೀರು ಅಷ್ಟು ಬೇಗ ಏರುತ್ತೆ ಅಂತ ನಂಗೂ ಗೊತ್ತಿರಲಿಲ್ಲ. ನಿನ್ನ ತಪ್ಪು ಏನೂ ಇಲ್ಲ."

ನೆರೆ ಬಂದಾಗಿನಿಂದ ಅಳದಿದ್ದ ಪುಟ್ಟಿ ಅಂದು ಅತ್ತಳು. ಜೊತೆಗೆ ಅಪ್ಪ ಅಮ್ಮನೂ ಅತ್ತರು.

ಮನಸ್ಸಿನ ವೈದ್ಯರ ಹತ್ತಿರ ನರ್ಸಮ್ಮ ಮಗಳನ್ನಷ್ಟೇ ಅಲ್ಲ, ಅಪ್ಪನನ್ನೂ ಕಳಿಸಿದಳು. ಟೀಚರ್ ಒಪ್ಪಿದ್ದರಿಂದ ಪುಟ್ಟಿ ಈಗ ಬಣ್ಣದ ಫ್ರಾಕಿನಲ್ಲೇ ಶಾಲೆಗೆ ಹೋಗುತ್ತಾಳೆ. ಕೆಲವು ದಿನ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಾಳೆ. ಆಗ ಯಾರೂ ಗದರುವುದಿಲ್ಲ. ಆದರೆ ಹೊಡೆದ ಏಟನ್ನು ವಾಪಸು ಪಡೆಯಲಾಗದಲ್ಲ ಎಂದು ಅಪ್ಪ ಇಂದಿಗೂ ನೊಂದುಕೊಳ್ಳುತ್ತಾನೆ.

ನೆರೆಯಾಗಲಿ ಬೆಂಕಿಯಾಗಲಿ, ಆಪತ್ತು ಕಳೆದ ಮೇಲೆ ನಿಮ್ಮ ಮಗು ಮಂಕಾದರೆ, ಬೆಚ್ಚಿಬಿದ್ದರೆ, ಹಾಸಿಗೆ ಒದ್ದೆ ಮಾಡಿದರೆ ದಯವಿಟ್ಟು ಹೊಡೆಯಬೇಡಿ. ಸುಳ್ಳು ಹೇಳಿ ಬಾಯಿ ಮುಚ್ಚಿಸಬೇಡಿ. ಊಟ, ಆಟ, ನಿದ್ದೆ ಹೊತ್ತಿಗೆ ಸರಿಯಾಗಿ ನಡೆಯಲಿ. ನಿಮ್ಮ ಮನಸ್ಸೂ ಕುಗ್ಗಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಅದರಲ್ಲಿ ನಾಚಿಕೆಯೇನಿಲ್ಲ. ಇವತ್ತೇ ಮಗುವನ್ನು ಹತ್ತಿರ ಕೂರಿಸಿಕೊಂಡು, ಏನು ಯೋಚಿಸುತ್ತಿದ್ದೀಯ ಎಂದು ಕೇಳಿ. ನೀವು ತಡಮಾಡಿದಷ್ಟು ದಿನವೂ ಅದು ತನ್ನನ್ನು ತಾನೇ ಶಿಕ್ಷಿಸಿಕೊಳ್ಳುತ್ತಿರಬಹುದು.