ತಮ್ಮನ ಬಾಟಲಿ

1962ನೇ ಇಸವಿ ಮಾರ್ಚ್ 12, ಸೋಮವಾರ, ಮಧ್ಯಾಹ್ನ ಎರಡೂಮುಕ್ಕಾಲು ಗಂಟೆ. ಬೊಂಬಾಯಿಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲೆ ಇಳಿದು, ಧೂಳೆಬ್ಬಿಸಿ ನಿಂತಿತು. ದೇರೆಬೈಲಿನ ಡಾಲಿ ತನ್ನ ಮೈದುನ ಚಾರ್ಲ್ಸನ ಜೊತೆ ಬೇಲಿಯ ಈಚೆ ಕಾಯುತ್ತಿದ್ದಳು. ಬಹ್ರೈನಿನಲ್ಲಿ ನೌಕರಿ ಮಾಡುತ್ತಿದ್ದ ಗಂಡ ನೊರ್ಬರ್ಟ್ ನಾಲ್ಕು ವರ್ಷದ ಮೇಲೆ ಮನೆಗೆ ಬರುವವನಿದ್ದ. ಕಾಲಿಗೆ ಗಾಯವಾಗಿ ಆಸ್ಪತ್ರೆ ಸೇರಿದ್ದೆ, ಈಗ ಅಡ್ಡಿಯಿಲ್ಲ ಎಂದಷ್ಟೇ ಅವನು ತಿಳಿಸಿದ್ದ.

ಎಲ್ಲರೂ ಇಳಿದಾದ ಮೇಲೆ ಇಬ್ಬರು ಕೆಲಸದವರು ಒಬ್ಬ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಮೆಟ್ಟಿಲಿಳಿಸಿದರು. ಅವನ ಪ್ಯಾಂಟಿನ ಬಲಗಾಲನ್ನು ಮೊಣಕಾಲಿನ ಕೆಳಗೆ ಮಡಚಿ ಪಿನ್ನು ಹಾಕಲಾಗಿತ್ತು. ಯಾರೋ ಪಾಪ ಎಂದುಕೊಂಡ ಡಾಲಿ ಗಂಡನಿಗಾಗಿ ಮತ್ತೆ ವಿಮಾನದ ಬಾಗಿಲನ್ನೇ ನೋಡಿದಳು. ಕುರ್ಚಿಯಲ್ಲಿದ್ದವನು ಕೈಯೆತ್ತಿದ. ಆ ಕೈ ನೊರ್ಬರ್ಟನದು.

ಮೂವರೂ ಟ್ಯಾಕ್ಸಿ ಹತ್ತಿ ದೇರೆಬೈಲಿಗೆ ಹೊರಟರು. ಕಾವೂರು ದಾಟಿದ ಮೇಲೆ ನೊರ್ಬರ್ಟನೇ ಬಾಯಿಬಿಟ್ಟ.

"ಚಾರ್ಲ್ಸ್, ನಿನಗೆ ಶೂ ತಂದಿದ್ದೇನೆ ಮಾರಾಯ. ಒಳ್ಳೇ ಚರ್ಮದ್ದು. ಎರಡೂ ಕಾಲಿನದ್ದು ಉಂಟು."

ಚಾರ್ಲ್ಸ್ ನಗಲು ಹೋಗಿ ಕಿಟಕಿಯ ಕಡೆ ತಿರುಗಿಕೊಂಡ.

ಇವರ ಮನೆಯಲ್ಲಿ ಹಿಂದೊಮ್ಮೆ ತುಂಬ ನಗುವಾಗಿತ್ತು. ಅದು 1958ರ ಮಾತು. ನೊರ್ಬರ್ಟನಿಗೆ ಬಹ್ರೈನಿನ ಒಂದು ಕಂಪೆನಿಯಿಂದ ಸ್ಟೋರ್‌ಕೀಪರ್ ಕೆಲಸಕ್ಕೆ ಕರೆ ಬಂದಿತ್ತು. ಆದರೆ ಅದಕ್ಕೂ ಎರಡು ವರ್ಷ ಮೊದಲೇ ಅವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ನಡೆಯುತ್ತಿತ್ತು. ಸೂಜಿ ಚುಚ್ಚಿಕೊಳ್ಳುವುದನ್ನು ಕಲಿಸಿದವಳು ಪಕ್ಕದ ಮನೆಯ ನೆಲ್ಲಿಬಾಯಿ. ಆಕೆ ಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಔಷಧಿಯ ಸೀಸೆಯನ್ನು ಮಣ್ಣಿನ ಕೂಜೆಯ ತಂಪಿನಲ್ಲಿ ಇಡಬೇಕೆಂದು ಹೇಳಿಕೊಟ್ಟವಳೂ ಅವಳೇ.

ಹಂಪನಕಟ್ಟೆಯಲ್ಲಿ ಏಜೆಂಟರ ಡಾಕ್ಟರು ಹೋಗುವವರ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಹಿಂದಿನ ದಿನ ಡಾಲಿ ಕೆಮ್ಮಿನ ಔಷಧಿಯ ಒಂದು ಖಾಲಿ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದಳು. ಬೆಳಿಗ್ಗೆ ಚಾರ್ಲ್ಸ್ ಅದನ್ನು ತುಂಬಿಸಿಕೊಟ್ಟ. ನೊರ್ಬರ್ಟ್ ಅದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಡಾಕ್ಟರ ಬಚ್ಚಲಿಗೆ ಹೋಗಿ, ಅವರು ಕೊಟ್ಟ ಗಾಜಿನ ಲೋಟಕ್ಕೆ ತಮ್ಮನದ್ದನ್ನು ಸುರಿದು ಕೊಟ್ಟ. ಪರೀಕ್ಷೆ ಪಾಸಾಯಿತು. ಯಾವುದೇ ಹಳೇ ಕಾಯಿಲೆ ಇಲ್ಲವೆಂದು ಅವನು ಸಹಿಯನ್ನೂ ಹಾಕಿದ.

"ನಮ್ಮ ಚಾರ್ಲ್ಸನ ಮೂತ್ರಕ್ಕೆ ಫಾರಿನಲ್ಲಿ ನೌಕರಿ ಆಯ್ತು ನೋಡಿ. ಚಾರ್ಲ್ಸನಿಗೆ ಮಾತ್ರ ಇನ್ನೂ ಆಗಲಿಲ್ಲ," ಎಂದು ಡಾಲಿ ಎಲ್ಲರನ್ನೂ ನಗಿಸಿದ್ದಳು. ಇದು ಆ ಕಾಲದಲ್ಲಿ ದೊಡ್ಡ ಗುಟ್ಟೇನೂ ಆಗಿರಲಿಲ್ಲ. ಹಡಗು ಹತ್ತುವವರ ಮನೆಗಳಲ್ಲಿ ಅಣ್ಣನ ಬದಲು ತಮ್ಮನ, ಮಾವನ ಬದಲು ಅಳಿಯನ ಬಾಟಲಿ ಹೋಗುವುದು ಉಂಟೆಂದು ಎಲ್ಲರೂ ಬಲ್ಲರು.

ನೆಲ್ಲಿಬಾಯಿ ಒಬ್ಬಳೇ ನಕ್ಕಿರಲಿಲ್ಲ. "ಡಾಲಿ, ಅಲ್ಲಿ ಇವನಿಗೆ ಸೂಜಿ ಯಾರು ಕೊಡ್ತಾರೆ? ಕಾಯಿಲೆಯೇ ಇಲ್ಲದವನಿಗೆ ಔಷಧಿ ಎಂತದ್ದು?" ಎಂದು ಕೇಳಿದ್ದಳು.

"ನಾನು ಇಲ್ಲಿಂದ ಕಳಿಸ್ತೇನೆ ಬಾಯಿ. ನೀವೊಂದು ಹೆದರಿಸ್ಬೇಡಿ," ಎಂದಿದ್ದಳು ಡಾಲಿ.

ಮಾತಿಗೆ ತಪ್ಪದೆ ಅವಳು ಕಳಿಸಿದಳು. ಬಹ್ರೈನಿಗೆ ಹೊರಟ ಪರಿಚಯದವರು ಯಾರೇ ಸಿಗಲಿ, ಅವರ ಪೆಟ್ಟಿಗೆಯಲ್ಲಿ ಡಾಲಿಯ ಒಂದು ಕಟ್ಟು ಇರುತ್ತಿತ್ತು. ಹುರಿದು ಪುಡಿ ಮಾಡಿದ ಮೆಂತೆ, ಹಾಗಲಕಾಯಿಯ ಬಾಳಕ, ಯಾರೋ ಹೇಳಿದ ನೇರಳೆಬೀಜದ ಪುಡಿ. ಇನ್ಸುಲಿನ್ ಮಾತ್ರ ಹಾಗೆ ಹೋಗುವಂತಿರಲಿಲ್ಲ. ದಾರಿಯ ಬಿಸಿಗೆ ಅದು ಕೆಟ್ಟುಹೋಗುತ್ತದೆ. ಪ್ರತಿ ಕಟ್ಟನ್ನು ಹೊಲಿದು ಮುಗಿಸಿದಾಗ ಗಂಡನ ಆರೋಗ್ಯವನ್ನು ತಾನೇ ನೋಡಿಕೊಳ್ಳುತ್ತಿದ್ದೇನೆ ಎಂಬ ಸಮಾಧಾನ ಅವಳಿಗೆ ಸಿಗುತ್ತಿತ್ತು.

ನೊರ್ಬರ್ಟ್ ಮನೆಗೆ ಬಂದ ಎರಡನೆಯ ದಿನ ಸಂಜೆ ನೆಲ್ಲಿಬಾಯಿ ಬಂದಳು. ನೊರ್ಬರ್ಟ್ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ. ಅವಳು ಕೆಳಗೆ ಕುಳಿತು ಬ್ಯಾಂಡೇಜು ಬಿಚ್ಚಿ, ನೋಡಿ, ಮತ್ತೆ ಕಟ್ಟಿದಳು.

"ಚಂದ ಹೊಲಿದಿದ್ದಾರೆ. ಒಳ್ಳೇ ಆಸ್ಪತ್ರೆ," ಎಂದಳು.

"ಒಳ್ಳೇದೇ. ನಾನೇ ಹೋಗ್ಲಿಲ್ಲ ಅಷ್ಟೆ," ಎಂದ ನೊರ್ಬರ್ಟ್.

"ಹೋಗ್ಲಿಲ್ಲ ಅಂದ್ರೆ?"

ಅವನು ನಿಧಾನವಾಗಿ ಹೇಳತೊಡಗಿದ. ಬಹ್ರೈನಿನಲ್ಲಿ ಅವನು ಉಳಿದುಕೊಂಡ ಕೋಣೆಯಲ್ಲಿ ನಾಲ್ಕು ಜನ ಇದ್ದರು. ಸೂಜಿ ಕಂಡರೆ ಸುದ್ದಿ ಆಫೀಸು ಮುಟ್ಟುತ್ತದೆಂಬ ಹೆದರಿಕೆಯಿಂದ, ಹೊರಡುವಾಗ ತಾನೇ ಒಯ್ದಿದ್ದ ಸ್ವಲ್ಪ ಇನ್ಸುಲಿನ್ ಮುಗಿದ ಮೇಲೆ ಬಿಟ್ಟೇಬಿಟ್ಟ. ಹೋದ ನವೆಂಬರಿನಲ್ಲಿ ಕಂಪೆನಿ ಕೊಟ್ಟ ಹೊಸ ಬೂಟು ಹಿಮ್ಮಡಿಯನ್ನು ಕಚ್ಚಿತು. ನೋವೇ ಆಗಲಿಲ್ಲ. ಆ ಕಾಯಿಲೆ ನಿಯಂತ್ರಣ ತಪ್ಪಿದರೆ ಕಾಲಿನ ನರಗಳು ಮಂಕಾಗುತ್ತವೆ, ಗಾಯ ಬೆಳೆದರೂ ತಿಳಿಯುವುದಿಲ್ಲ. ಕಾಲುಚೀಲ ಒದ್ದೆಯಾದದ್ದು ಕಂಡು ನೋಡಿದರೆ ಗುಳಿ ಬಿದ್ದಿತ್ತು.

"ಕಂಪೆನಿ ಆಸ್ಪತ್ರೆ ನನ್ನ ಸ್ಟೋರಿನಿಂದ ರಸ್ತೆ ದಾಟಿದ್ರೆ ಆಯ್ತು. ಆದ್ರೆ ಹೋದ ಕೂಡ್ಲೆ ಅವರು ಮೊದಲು ಕೇಳೋದೇ ಮೂತ್ರ. ಅಲ್ಲಿ ಚಾರ್ಲ್ಸ್ ಇರ್ಲಿಲ್ಲವಲ್ಲ."

ಯಾರೂ ನಗಲಿಲ್ಲ.

"ಮುಲಾಮು ಹಚ್ಚಿದೆ. ಡಾಲಿಯ ಪುಡಿ ಎರಡು ಚಮಚ ಜಾಸ್ತಿ ತಗೊಂಡೆ. ಒಂದು ದಿನ ಸ್ಟೋರಿನಲ್ಲೇ ಬಿದ್ದೆ. ಕಣ್ಣು ಬಿಡುವಾಗ ವಾರ್ಡಿನಲ್ಲಿದ್ದೆ. ಕಾಲು ಕಪ್ಪಾಗಿತ್ತು."

ಬಾಗಿಲಲ್ಲಿ ನಿಂತಿದ್ದ ಡಾಲಿ ಜಗಲಿಗೆ ಬಂದಳು. "ಕಂಪೆನಿಯವರು ವಿಮೆ ಮಾಡಿಸಿದ್ದಾರೆ ಅಂದಿದ್ರಲ್ಲ? ಕೈಕಾಲು ಹೋದ್ರೆ ಪರಿಹಾರ ಉಂಟು ಅಂತ?"

"ಉಂಟು. ನಿಜ ಹೇಳಿದವರಿಗೆ ಉಂಟು. ಕಾಯಿಲೆ ಇಲ್ಲ ಅಂತ ನಾನೇ ಸಹಿ ಹಾಕಿದ್ದು. ವಿಮೆಯವರು ಅದನ್ನೇ ತೋರಿಸಿದ್ರು. ಎಂತ ಹೇಳ್ಲಿಕ್ಕುಂಟು? ಆಪರೇಶನ್ ಮಾಡಿದ್ರು, ಔಷಧಿ ಕೊಟ್ರು, ಟಿಕೇಟು ಕೊಟ್ಟು ಕಳಿಸಿದ್ರು. ಕೆಲಸ ಹೋಯ್ತು." ಅವನು ಮತ್ತೆ ಹೇಳಿದ, "ಅದಲ್ಲ ಡಾಲಿ ನನಗೆ ಬೇಜಾರು. ನಮ್ಮೂರ ಬಂದರಿನ ಮೊಯ್ದೀನಬ್ಬ ಅಂತ ಒಬ್ಬ, ಕಂಪೆನಿ ಮೆಸ್ಸಿನಲ್ಲಿ ಅಡುಗೆಯವ. ದಿನಾ ಬೆಳಿಗ್ಗೆ ವಾರ್ಡಿನ ಪಕ್ಕ ಸೂಜಿಗೆ ಬಂದು ನಿಲ್ಲುವವ. ನನ್ನದೇ ಕಾಯಿಲೆ. ಬರುವಾಗಲೇ ಹೇಳಿ ಬಂದಿದ್ದ. ಮೂರು ತಿಂಗಳು ಕಾಯಿಸಿದ್ರಂತೆ, ಮತ್ತೆ ತಗೊಂಡ್ರಂತೆ. ಅವನಿಗೆ ಆಸ್ಪತ್ರೆಯ ಕಾರ್ಡು ಉಂಟು. ಸೂಜಿ ಧರ್ಮಕ್ಕೆ. ನನಗೂ ಸಿಕ್ತಿತ್ತು. ರಸ್ತೆ ದಾಟಿದ್ರೆ ಸಿಕ್ತಿತ್ತು."

ಡಾಲಿ ಒಳಗೆ ಹೋದಳು. ಒಲೆಯ ಪಕ್ಕದ ಹಲಗೆಯ ಮೇಲೆ ಅದೇ ಕೆಮ್ಮಿನ ಔಷಧಿಯ ಬಾಟಲಿ ಇತ್ತು. ಒಳ್ಳೆಯ ಗಟ್ಟಿ ಬಾಟಲಿಯೆಂದು ಎಸೆಯದೆ ಅದರಲ್ಲಿ ತಲೆಗೆ ಹಚ್ಚುವ ಎಣ್ಣೆ ಹಾಕಿಟ್ಟಿದ್ದಳು. ನಾಲ್ಕು ವರ್ಷ ದಿನಾ ಅದನ್ನು ಮುಟ್ಟಿದ್ದಳು.

ನೆಲ್ಲಿಬಾಯಿ ಹೊರಡುವಾಗ ಚಾರ್ಲ್ಸನನ್ನು ತಡೆದಳು. "ನಿನಗೂ ಒಮ್ಮೆ ನೋಡ್ಬೇಕು. ಇದು ಕುಟುಂಬದಲ್ಲಿ ಬರುವ ಕಾಯಿಲೆ. ನಿಮ್ಮ ಅಪ್ಪನಿಗೂ ಇತ್ತು."

"ನನಗಾ? ನನ್ನದ್ದು ಪಾಸಾದ ಮೂತ್ರ ಬಾಯಿ," ಎಂದ ಚಾರ್ಲ್ಸ್.

"ಪಾಸಾಗಿ ನಾಲ್ಕು ವರ್ಷ ಆಯ್ತು ಮಾರಾಯ."

ಮರುದಿನ ಅವಳು ಒಂದು ಪರೀಕ್ಷಾನಳಿಕೆ, ಸ್ಪಿರಿಟ್ ದೀಪ ಮತ್ತು ಸ್ವಲ್ಪ ನೀಲಿ ದ್ರಾವಣ ತಂದಳು. ಈ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ಬಹಳವಿದ್ದರೆ ಇಟ್ಟಿಗೆಯ ಕೆಂಪು. ನಾಲ್ವರೂ ಅಡುಗೆಮನೆಯಲ್ಲಿ ಸೇರಿ ನೋಡಿದರು. ನೀಲಿ ಕಲಕಿ ಹಸಿರಾಯಿತು. ಅಲ್ಲಿಗೇ ನಿಲ್ಲಲೆಂದು ಡಾಲಿ ಮನಸ್ಸಿನಲ್ಲೇ ಪ್ರಾರ್ಥಿಸಿದಳು. ಅದು ನಿಲ್ಲದೆ ಹಳದಿಗೆ ತಿರುಗಿತು.

ಚಾರ್ಲ್ಸ್ ನಳಿಕೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಅವನಿಗೆ ಕುವೈಟಿನ ಒಂದು ಕಂಪೆನಿಯಲ್ಲಿ ಕೆಲಸ ಗೊತ್ತಾಗಿತ್ತು. ಏಪ್ರಿಲ್ ಎರಡಕ್ಕೆ ಮೆಡಿಕಲ್. ಅಣ್ಣ ಇನ್ನು ದುಡಿಯಲಾರ ಎಂದ ಮೇಲೆ ಆ ಮನೆಗೆ ಇದ್ದ ಆಸರೆ ಅದೊಂದೇ.

ನೆಲ್ಲಿಬಾಯಿ ಹೋದ ಮೇಲೆ ಅವನು ಡಾಲಿಯ ಹತ್ತಿರ ಬಂದ. ಅತ್ತಿಗೆಯನ್ನು ಅವನು ಕೊಂಕಣಿಯಲ್ಲಿ ವೊನಿ ಎಂದೇ ಕರೆಯುವುದು.

"ವೊನಿ, ಹಿಂದಿನ ಓಣಿಯ ಅಲೆಕ್ಸನ ಹತ್ರ ಕೇಳ್ಬಹುದಾ? ಇದೊಂದು ಸಲ. ನಾನು ಅಲ್ಲಿ ಹೋಗಿ ಸರಿ ನೋಡ್ಕೊಳ್ತೇನೆ. ಗಾಯ ಮಾಡ್ಕೊಳ್ಳುದಿಲ್ಲ."

"ನಿಮ್ಮಣ್ಣ ಗಾಯ ಮಾಡ್ಕೊಳ್ಳುವ ಅಂತ ಹೋದದ್ದಾ?"

"ಹೇಳಿದ್ರೆ ಕೆಲಸ ಹೋಗ್ತದೆ ವೊನಿ. ಮನೆ ಹೇಗೆ ನಡೀತದೆ? ಬಾಟಲಿ ತೊಳೆದದ್ದು ನೀವೇ ಅಲ್ವಾ ಆವಾಗ?"

ಆ ಮಾತು ನಾಟಿತು. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆದರೆ ಸುಳ್ಳೂ ಅಲ್ಲ. ಡಾಲಿ ಮೀನು ತೊಳೆಯಲು ಕುಳಿತಳು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಹೋಗುವುದೇನು ಎಂಬುದಕ್ಕೆ ಜಗಲಿಯಲ್ಲಿ ಕುಳಿತಿದ್ದವನೇ ಉತ್ತರವಾಗಿದ್ದ.

ಕೈ ತೊಳೆದು ಬಂದು ಅವಳು ಹಲಗೆಯ ಮೇಲಿನ ಬಾಟಲಿಯನ್ನು ತೆಗೆದಳು. ಎಣ್ಣೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಬಾವಿಕಟ್ಟೆಯ ಕಲ್ಲಿಗೆ ಬಾಟಲಿಯನ್ನು ಒಡೆದಳು. ಸದ್ದಿಗೆ ನೆಲ್ಲಿಬಾಯಿ ಬೇಲಿಯಾಚೆಯಿಂದ ಇಣುಕಿದಳು.

"ಎಂತ ಆಯ್ತು ಡಾಲಿ?"

"ಎಂತದೂ ಇಲ್ಲ. ಬಾಯಿ, ನಾಳೆ ಚಾರ್ಲ್ಸನನ್ನು ನಿಮ್ಮ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಎರಡನೇ ತಾರೀಕು ನಾನೂ ಜೊತೆ ಹೋಗ್ತೇನೆ. ಇವ ಹೇಳದಿದ್ರೆ ಅಲ್ಲಿ ನಾನು ಹೇಳ್ತೇನೆ."

"ನಾಲ್ಕು ವರ್ಷ ಮುಂಚೆ ನಾನು ಜೋರು ಮಾಡ್ಬೇಕಿತ್ತು," ಎಂದಳು ನೆಲ್ಲಿಬಾಯಿ. "ನೀವೆಲ್ಲ ನಗುವಾಗ ನನಗೂ ಧೈರ್ಯ ಆಗ್ಲಿಲ್ಲ."

"ಜೋರು ಮಾಡಿದ್ರೂ ನಾನು ಕೇಳ್ತಿರ್ಲಿಲ್ಲ ಬಾಯಿ," ಎಂದಳು ಡಾಲಿ.

ಎರಡನೇ ತಾರೀಕು ಮೆಡಿಕಲ್ ಮಾಡುವ ಡಾಕ್ಟರ ಮುಂದೆ ಚಾರ್ಲ್ಸ್ ತಾನೇ ಹೇಳಿದ. ಅವರು ಬರೆದುಕೊಂಡು, ಕಾಯಿಲೆ ಹತೋಟಿಗೆ ಬಂದ ಮೇಲೆ ಜುಲೈಯಲ್ಲಿ ಬಾ ಎಂದರು. ಮೊದಲು ಗೊತ್ತಾದ ಕೆಲಸ ಕೈತಪ್ಪಿತು. ಆ ಮೂರು ತಿಂಗಳು ಡಾಲಿ ಅಕ್ಕಪಕ್ಕದವರ ಬಟ್ಟೆ ಹೊಲಿದು ಮನೆ ನಡೆಸಿದಳು. ಚಾರ್ಲ್ಸ್ ಅನ್ನ ಕಡಿಮೆ ಮಾಡಿದ, ಕೊಟ್ಟಾರದವರೆಗೆ ನಡೆದುಹೋಗಿ ಬರುವ ಅಭ್ಯಾಸ ಮಾಡಿದ, ನೆಲ್ಲಿಬಾಯಿಯ ಆಸ್ಪತ್ರೆಯ ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸಲಿಲ್ಲ. ಜುಲೈಯ ಪರೀಕ್ಷೆಯಲ್ಲಿ ದ್ರಾವಣ ನೀಲಿಯಾಗಿಯೇ ಉಳಿಯಿತು. ಬಿಸಿಲಿನ ಹೊರಗೆಲಸ ಬೇಡ, ಆಫೀಸಿನ ಕೆಲಸ ಆಗಬಹುದು ಎಂದು ಅದೇ ಕಂಪೆನಿಯವರು ಅವನನ್ನು ತೆಗೆದುಕೊಂಡರು. ಸಂಬಳ ಸ್ವಲ್ಪ ಕಡಿಮೆ. ಆದರೆ ಅವನ ಕಾಯಿಲೆಯ ಹೆಸರು ಕರಾರಿನಲ್ಲೇ ಇತ್ತು, ಅದಕ್ಕೆ ಅಲ್ಲಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಂಟೆಂದೂ ಇತ್ತು. ಡಾಲಿ ಅದನ್ನು ನೆಲ್ಲಿಬಾಯಿಯಿಂದ ಎರಡು ಸಲ ಓದಿಸಿ ಕೇಳಿದಳು.

ಹೊರಡುವ ದಿನ ಅವಳು ಹಾಗಲಕಾಯಿ ಬಾಳಕ ಕಟ್ಟಿಕೊಟ್ಟಳು.

"ಇದು ಊಟಕ್ಕೆ. ಔಷಧಿ ಅಲ್ಲ. ಔಷಧಿಗೆ ರಸ್ತೆ ದಾಟು," ಎಂದಳು.

ಹಡಗು, ವಿಮಾನ ಹತ್ತಿ ಪರದೇಶಕ್ಕೆ ಹೊರಟಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಅವರನ್ನು ಕಳಿಸಿಕೊಡುವ ಮನೆಯವರೇ, ಡಾಕ್ಟರು ಪರೀಕ್ಷೆಗೆ ಕೇಳುವುದು ನಿಮ್ಮ ದೇಹದ ಸಂಗತಿಯನ್ನು. ಅಲ್ಲಿ ಬೇರೆಯವರ ಬಾಟಲಿ ಕೊಟ್ಟರೆ, ಕಷ್ಟ ಬಂದ ದಿನ ಆ ಆಸ್ಪತ್ರೆಯ ಬಾಗಿಲಿಗೆ ನೀವೇ ಹೆದರುವಂತಾಗುತ್ತದೆ, ವಿಮೆಯೂ ನಿಮ್ಮ ಪಾಲಿಗೆ ಇಲ್ಲವಾಗುತ್ತದೆ. ಇದ್ದ ಕಾಯಿಲೆಯನ್ನು ಇದ್ದಂತೆ ಹೇಳಿ. ನಿಜ ಹೇಳಿದರೆ ಕೆಲವೊಮ್ಮೆ ಕೆಲಸ ತಡವಾಗುತ್ತದೆ, ಕೆಲವೊಮ್ಮೆ ತಪ್ಪಿಯೂ ಹೋಗುತ್ತದೆ. ಇನ್ನೊಂದು ಕೆಲಸ ಹುಡುಕಬಹುದು. ಸಹಿ ಹಾಕುವ ಮೊದಲು ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ವಿಮೆ ಯಾವುದಕ್ಕೆ ಉಂಟು, ಯಾವುದಕ್ಕಿಲ್ಲ ಎಂದು ಕೇಳಿ, ಅದನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಡಾಕ್ಟರ ಚೀಟಿ ಜೊತೆಗಿರಲಿ. ಅಲ್ಲಿ ಕಾಲಿಗೆ ಸಣ್ಣ ಗಾಯವಾದರೂ ಅಂದೇ ತೋರಿಸಿ. ಮನೆಯಿಂದ ಬರುವ ಕಟ್ಟಿನಲ್ಲಿ ಪ್ರೀತಿ ಇರುತ್ತದೆ, ಡಾಕ್ಟರು ಇರುವುದಿಲ್ಲ.

ಚಾರ್ಲ್ಸ್ ಹೋದ ಮರುವಾರ ನೊರ್ಬರ್ಟನಿಗೆ ಕೃತಕ ಕಾಲು ಮಾಡಿಸುವ ಮಾತು ಬಂತು. ಅದಕ್ಕೆ ಅಳತೆ ಬೇಕಿತ್ತು. ಡಾಲಿ ಹೊಲಿಗೆಯ ಟೇಪನ್ನು ತಂದು ಗಂಡನ ಮುಂದೆ ನೆಲದ ಮೇಲೆ ಕುಳಿತಳು. ಒಂದು ತುದಿಯನ್ನು ಅವನೇ ಹಿಡಿದುಕೊಂಡ. ಮೊಣಕಾಲಿನ ಚಿಪ್ಪಿನ ಕೆಳಗಿನಿಂದ ಕಾಲು ಮುಗಿಯುವಲ್ಲಿಗೆ ಐದೂವರೆ ಇಂಚು.