ಎಂಟುನೂರು ಗ್ರಾಂ ಪ್ರೊಪೇನ್

2025ರ ಜನವರಿ 9, ಗುರುವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಲಂಡನ್ನಿನ ರೇನರ್ಸ್ ಲೇನಿನಲ್ಲಿರುವ ಮಂಜಯ್ಯನವರ ಮನೆಯ ಮುಂದಿನ ಕೋಣೆಯಲ್ಲಿ ಉಷ್ಣತೆ 14.8 ಡಿಗ್ರಿ.

ಅವರ ಹೆಂಡತಿ ಪ್ರಫುಲ್ಲಾ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿದ್ದರು. ನವೆಂಬರಿನಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಬಂದವರು. ಮನೆ ಹದಿನೆಂಟು ಡಿಗ್ರಿಗಿಂತ ಕೆಳಗಿಳಿಯಬಾರದೆಂದು ಡಾಕ್ಟರು ಹೇಳಿದ್ದರು. ಹಳೆಯ ಗ್ಯಾಸ್ ಬಾಯ್ಲರ್ ತೆಗೆದು, ಹೊರಗಿನ ಗಾಳಿಯಿಂದ ಶಾಖ ಎಳೆದು ರೇಡಿಯೇಟರುಗಳಿಗೆ ಕೊಡುವ ಹೀಟ್ ಪಂಪನ್ನು ಡಿಸೆಂಬರಿನಲ್ಲಿ ಕೂರಿಸಿದವಳು ನಾನು. ಸೋಮವಾರದೊಳಗೆ ಸರಿಹೋಗದಿದ್ದರೆ ಮತ್ತೆ ಬಾಯ್ಲರ್ ಹಾಕಿಸುವುದಾಗಿ ಮಂಜಯ್ಯ ಫೋನಿನಲ್ಲಿ ಹೇಳಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

"ಕಾಣ್, ನಾನೀಗ ಫ್ರಿಜ್ಜಲ್ಲಿಟ್ಟ ಕೊತ್ತಂಬ್ರಿ ಸೊಪ್ಪು. ಬಾಡುದಿಲ್ಲೆ, ಅಷ್ಟೇ," ಎಂದರು ಪ್ರಫುಲ್ಲಾ.

ಯಂತ್ರದ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಒತ್ತಡ ಸರಿಯಿತ್ತು, ನೀರಿನ ಹರಿವೂ ಸರಿಯಿತ್ತು. ಆದರೆ ಕಳೆದ ಏಳು ರಾತ್ರಿಯೂ ಹತ್ತೂವರೆಯಿಂದ ಬೆಳಿಗ್ಗೆ ಏಳರವರೆಗೆ ಯಂತ್ರ ಓಡಿದ್ದನ್ನು ತೋರಿಸುವ ಗೆರೆಯೇ ಇರಲಿಲ್ಲ. ನಿಧಾನವಾಗಿ ಬಿಸಿಯೇರಿಸುವ ಈ ಯಂತ್ರ ರಾತ್ರಿಯಿಡೀ ನಿಂತರೆ ಮನೆ ಬೆಳಿಗ್ಗೆ ಬೇಗ ಬೆಚ್ಚಗಾಗುವುದಿಲ್ಲ. ಕೆಟ್ಟ ಯಂತ್ರ ಹೀಗೆ ಗಡಿಯಾರ ನೋಡಿಕೊಂಡು ನಿಲ್ಲುವುದಿಲ್ಲ. ಗೆರೆ ಮೊದಲು ತುಂಡಾದದ್ದು ಜನವರಿ 2ರ ರಾತ್ರಿ.

ಅಂದು ಸಂಜೆ ಕಾಗದಪತ್ರ ಕೊಡಲು ನಾನೇ ಇಲ್ಲಿಗೆ ಬಂದಿದ್ದೆ. ಯಂತ್ರದೊಳಗೆ ಓಡುವುದೇನು ಎಂದು ಮಂಜಯ್ಯ ಕೇಳಿದ್ದರು. ಹಿಂದೆ ಬಳಸುತ್ತಿದ್ದ ಅನಿಲಗಳು ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತವೆ, ಇದರಲ್ಲಿರುವ ಪ್ರೊಪೇನಿನಿಂದ ಆ ಹಾನಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಕೊರೆಯುವ ಚಳಿಯಲ್ಲೂ ಇದು ಕೆಲಸ ಮಾಡುತ್ತದೆ ಎಂದೆಲ್ಲ ಉತ್ಸಾಹದಿಂದ ವಿವರಿಸಿದ್ದೆ. ಸುಲಭವಾಗಿ ತಿಳಿಯಲೆಂದು, ನಿಮ್ಮ ಅಡುಗೆ ಸಿಲಿಂಡರಿನ ಗ್ಯಾಸಿನ ಹತ್ತಿರದ ನೆಂಟ ಎಂದೂ ಸೇರಿಸಿದ್ದೆ.

ಈಗ, ರಾತ್ರಿ ಹೊರಗೆ ಯಂತ್ರದ ಪಕ್ಕದಲ್ಲಿರುವ ಸ್ವಿಚ್ ಆರಿಸುತ್ತೀರಾ ಎಂದು ಕೇಳಿದೆ. ಮಂಜಯ್ಯ ಮುಚ್ಚಿಡಲಿಲ್ಲ. ಹಳೆಯ ಬಾಯ್ಲರನ್ನೂ ರಾತ್ರಿ ಆರಿಸುತ್ತಿದ್ದರಂತೆ; ಬೆಳಿಗ್ಗೆ ಹಾಕಿದರೆ ಮನೆ ಬೇಗ ಬಿಸಿಯಾಗುತ್ತಿತ್ತಂತೆ.

"ಹೌದು ಮಾರಾಯ್ತಿ. ಗ್ಯಾಸ್ ಇಪ್ಪುದನ್ನ ಬಂದ್ ಮಾಡ್ದೆ ಮನಿಕಂಬುಕೆ ಆತ್ತಾ?"

"ಓಹೋ, ನನ್ನನ್ನ ಕೊತ್ತಂಬ್ರಿ ಮಾಡಿದ್ದು ನೀವೇಯಾ?" ಎಂದರು ಪ್ರಫುಲ್ಲಾ.

ಮಂಜಯ್ಯ ನಗಲಿಲ್ಲ. ನಲವತ್ತು ವರ್ಷ ಹೋಟೆಲುಗಳಲ್ಲಿ ಅಡುಗೆ ಮಾಡಿದವರು. ಮುಂಬಯಿಯಲ್ಲಿದ್ದಾಗ, 1989ರಲ್ಲಿ, ಒಂದು ರಾತ್ರಿ ಸಿಲಿಂಡರ್ ಮುಚ್ಚುವ ಸರದಿ ಅವರದಾಗಿತ್ತು. ಮರೆತರು. ಬೆಳಿಗ್ಗೆ ಒಲೆ ಹಚ್ಚಲು ಹೋದವನ ಎರಡೂ ಕೈ ಸುಟ್ಟವು. ಇದನ್ನು ನೆಲ ನೋಡುತ್ತಾ ಹೇಳಿದರು. ಪ್ರಫುಲ್ಲಾ ಮತ್ತೆ ತಮಾಷೆ ಮಾಡಲಿಲ್ಲ.

ಆ ಸ್ವಿಚ್ ವಿದ್ಯುತ್ತನ್ನು ಮಾತ್ರ ನಿಲ್ಲಿಸುತ್ತದೆ, ಗ್ಯಾಸನ್ನಲ್ಲ ಎಂದು ಹೇಳಿದೆ. ಯಂತ್ರ ಓಡಲಿ ಬಿಡಲಿ, ಎಂಟುನೂರು ಗ್ರಾಂ ಪ್ರೊಪೇನ್ ಮನೆಯ ಹೊರಗೆ, ಬೆಸೆದ ಕೊಳವೆಯಲ್ಲಿ ಇದ್ದೇ ಇರುತ್ತದೆ.

"ಹಂಗಾರೆ ಏಳು ರಾತ್ರಿ ನಾನು ಎಂತದೂ ಮುಚ್ಚಲೇ ಇಲ್ಯಾ?"

ಸರಿಯಾದ ಉತ್ತರ ಅವರ ಭಯವನ್ನು ಹೆಚ್ಚಿಸಿತ್ತು. ಹಿತ್ತಲಿಗೆ ಹೋಗಿ ವಿದ್ಯುತ್ ಆರಿಸಿ ಯಂತ್ರದ ಹೊದಿಕೆ ಬಿಚ್ಚಿದೆ. ಸೋರಿಕೆ ಪತ್ತೆಹಚ್ಚುವ ಉಪಕರಣವನ್ನು ಪ್ರತಿ ಬೆಸುಗೆಯ ಬಳಿಯೂ ಹಿಡಿದೆ. ಎಲ್ಲೆಡೆ ಸೊನ್ನೆ. ಮಂಜಯ್ಯ ಅದರತ್ತ ನೋಡಲೂ ಇಲ್ಲ.

"ಅದು ನಿನ್ನ ಮೆಷಿನ್ ಹೇಳುದು. ಸೋಪ್ ಹಚ್ಚಿ ಕಾಂಬ."

ಬಿಸಿನೀರಿನಲ್ಲಿ ಸೋಪು ಕದಡಿ, ಕಾವಲಿಗೆ ಎಣ್ಣೆ ಸವರುವ ಬ್ರಷ್ ಹಿಡಿದು ಬಂದರು. ಇಬ್ಬನಿ ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಮೊಣಕಾಲೂರಿ, ನಾನು ತೋರಿಸಿದ ಹನ್ನೊಂದು ಬೆಸುಗೆಗೂ ನೊರೆ ಹಚ್ಚಿದರು. ಒಂದೊಂದರ ಮುಂದೆಯೂ ಅರವತ್ತರವರೆಗೆ ಎಣಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಏಳನೆಯದಕ್ಕೆ ಮಾತ್ರ ಮತ್ತೊಮ್ಮೆ ಹಚ್ಚಿ ನೋಡಿದರು.

ನೊರೆ ಒರೆಸಿ, ಹೊದಿಕೆ ಮುಚ್ಚಿದ ಮೇಲೆ ಸ್ವಿಚ್ಚನ್ನು ಅವರೇ ಹಾಕಿದರು. ರಾತ್ರಿ ಆರಿಸುವುದಿಲ್ಲವೆಂದು ಮಾತು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಪಿನ್ನರಿನ ನನ್ನ ಮನೆಯಲ್ಲಿ ಕೂತು ಅವರ ಯಂತ್ರದ ದಾಖಲೆ ತೆರೆದೆ. ಗೆರೆ ಎಲ್ಲೂ ತುಂಡಾಗಿರಲಿಲ್ಲ. ಹೊರಗೆ ಮೈನಸ್ 4.2. ಪ್ರಫುಲ್ಲಾ ಮಲಗುವ ಕೋಣೆಯಲ್ಲಿ 19.6 ಡಿಗ್ರಿ.