ಕ್ಯಾಮೆರಾಕ್ಕೆ ಕಂಡ ಕೈ

ಸಾಂಕ್ರಾಮಿಕ ರೋಗದ ಆ ಎರಡು ವರ್ಷ ವೈದ್ಯಕೀಯ ಕಾಲೇಜು ಫೋನಿನೊಳಗೆ ಹೊಕ್ಕು ಕುಳಿತಿತ್ತು. ವಿದ್ಯಾರ್ಥಿಗಳನ್ನು ರೋಗಿಗಳ ಹತ್ತಿರ ಬಿಡುವಂತಿರಲಿಲ್ಲ. ಹಾಗಾಗಿ ಪ್ರಾಯೋಗಿಕ ಪರೀಕ್ಷೆಗೆ ಕಾಲೇಜಿನ ದೊಡ್ಡವರು ಒಂದು ಉಪಾಯ ಹೂಡಿದರು: ಮನೆಯವರಲ್ಲೇ ಒಬ್ಬರನ್ನು ಮಲಗಿಸಿ, ಫೋನಿನೆದುರು ಹೊಟ್ಟೆ ಮುಟ್ಟಿ ನೋಡಿ ತೋರಿಸಬೇಕು.

ಮನೆಯಲ್ಲಿ ‘ಸಣ್ಣ ಡಾಕ್ಟರು’ ಎಂದೇ ಕರೆಸಿಕೊಳ್ಳುತ್ತಿದ್ದ ಹುಡುಗಿಗೆ ಸಿಕ್ಕಿದ್ದು ದೊಡ್ಡಮ್ಮ. ಬಟ್ಟೆ ಹೊಲಿದು ಅವಳನ್ನು ಓದಿಸುತ್ತಿದ್ದವಳೂ ಈ ದೊಡ್ಡಮ್ಮನೇ. ಹೊಲಿಗೆ ಯಂತ್ರದ ಮೇಲೆ, ನೂಲಿನ ಡಬ್ಬಿಗೆ ಒರಗಿಸಿ ಫೋನು ನಿಲ್ಲಿಸಿದ್ದಾಯಿತು. ಮಲಗುತ್ತಲೇ ದೊಡ್ಡಮ್ಮ, ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತದೆ, ಹೇಗೂ ನೋಡುತ್ತೀಯಲ್ಲ, ಅದನ್ನೂ ನೋಡಿಬಿಡು ಎಂದಳು.

ಹುಡುಗಿ ಪಾಠವನ್ನು ಅರೆದು ಕುಡಿದಿದ್ದಳು. ಕೈ ಎಲ್ಲಿಡಬೇಕು, ಯಾವಾಗ ಉಸಿರೆಳೆದುಕೊಳ್ಳಿ ಎನ್ನಬೇಕು, ಎಲ್ಲ ಬಾಯಿಪಾಠ. ಆದರೆ ಕೈ ಕಾಣುತ್ತಿಲ್ಲ, ಸ್ವಲ್ಪ ಈ ಕಡೆ, ಎಂದು ಪ್ರೊಫೆಸರು ಫೋನಿನಿಂದ ಹೇಳುತ್ತಲೇ ಇದ್ದರು. ಅವಳ ಕಣ್ಣು ಪರದೆಯ ಮೇಲೇ ನೆಟ್ಟಿತ್ತು. ಎಡಪಕ್ಕೆಲುಬಿನ ಬಳಿ ಬಂದಾಗ ಬೆರಳು ಚರ್ಮಕ್ಕೆ ತಾಗಿತು ಅಷ್ಟೇ, ಒತ್ತಲಿಲ್ಲ. ಗಡ್ಡೆಯಿಲ್ಲ, ಊತವಿಲ್ಲ ಎಂದು ಗಿಳಿಪಾಠ ಒಪ್ಪಿಸಿದಳು. ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ದೊಡ್ಡಮ್ಮನಿಗೆ ಅಂಕಕ್ಕಿಂತ ಆ ಮಾತೇ ದೊಡ್ಡದು. ನಮ್ಮ ಸಣ್ಣ ಡಾಕ್ಟರೇ ನೋಡಿ ಏನೂ ಇಲ್ಲ ಎಂದಿದ್ದಾಳೆ ಎಂದು ಬೀದಿಗೆಲ್ಲ ಸಾರಿದಳು. ಬೇರೆ ಡಾಕ್ಟರ ಬಾಗಿಲು ತುಳಿಯಲಿಲ್ಲ.

ಒಂದೂವರೆ ವರ್ಷದ ಮೇಲೆ ದೊಡ್ಡಮ್ಮ ಹೊಲಿಯುತ್ತಿದ್ದಲ್ಲೇ ತಲೆ ಸುತ್ತಿ ಬಿದ್ದಳು. ಹುಡುಗಿ ತರಬೇತಿಯಲ್ಲಿದ್ದ ಆಸ್ಪತ್ರೆಗೇ ತಂದು ಸೇರಿಸಿದರು. ರಕ್ತದ ಕಾಯಿಲೆ, ಎಡಪಕ್ಕೆಲುಬಿನಡಿಯ ಗುಲ್ಮವೆಂಬ ಅಂಗ ಊದಿ ಹೊಕ್ಕುಳದ ತನಕ ಇಳಿದಿತ್ತು. ಅಷ್ಟರಲ್ಲಿ ಪಾಠವೂ ಫೋನಿನಿಂದ ಮಂಚದ ಪಕ್ಕಕ್ಕೆ ಮರಳಿತ್ತು. ಮರುದಿನ ಬೆಳಗ್ಗೆ ಅದೇ ಪ್ರೊಫೆಸರು ಆರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದು, ಈ ಭಾರ ಎಷ್ಟು ದಿನದಿಂದ ಇದೆ ಎಂದು ಕೇಳಿದರು.

ದೊಡ್ಡಮ್ಮ ಒಮ್ಮೆ, ಹಾಳೆ ಹಿಡಿದು ಮಂಚದ ಪಕ್ಕ ನಿಂತಿದ್ದ ಹುಡುಗಿಯ ಮುಖ ನೋಡಿದಳು.

“ಒಂದ್ ತಿಂಗಳಾಯ್ತು ಸಾರ್.”

ಆ ಸುಳ್ಳು ಯಾರಿಗಾಗಿ ಎಂದು ಹುಡುಗಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದನ್ನು ರೋಗಿಯ ಹಾಳೆಯಲ್ಲಿ ಬರೆಯಬೇಕಾದವಳೂ ಅವಳೇ. ಸುಳ್ಳನ್ನೇ ಬರೆದರೆ ತನ್ನ ಮರ್ಯಾದೆ ಉಳಿಯುತ್ತದೆ. ಚಿಕಿತ್ಸೆ ಶುರುವಾಗುವುದು ಮಾತ್ರ ತಪ್ಪು ಲೆಕ್ಕದ ಮೇಲೆ. ಅವಳಿಗೆ ನಾಚಿಕೆಯಾಗಿ, ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಅಂಥ ಉಪಕಾರವನ್ನು ಇಂದಿನವರೆಗೆ ಯಾರಿಗೂ ಮಾಡಿದ್ದಿಲ್ಲ.

“ಒಂದೂವರೆ ವರ್ಷ ಆಯ್ತು ಸಾರ್,” ಎಂದಳು. “ಆನ್‌ಲೈನ್ ಪರೀಕ್ಷೇಲಿ ನಾನೇ ನೋಡಿದ್ದು. ಒತ್ತಿ ನೋಡ್ಲೇ ಇಲ್ಲ. ಕೈ ಕಾಣುತ್ತಾ ಅಂತ ಫೋನ್ ನೋಡ್ತಾ ಇದ್ದೆ.”

ಪ್ರೊಫೆಸರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಅಂಕ ಕೊಟ್ಟವರು ಅವರೇ ತಾನೆ.

ಒತ್ತಿ ನೋಡಬೇಕಿತ್ತು ಎಂಬುದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಮಗು ನೋಡಿತ್ತು, ಪಾಪ, ತಿಳಿಯಲಿಲ್ಲ ಎಂದುಕೊಂಡೇ ಅವಳು ಸುಳ್ಳಾಡಿದ್ದಳು. ನೋಡಲೇ ಇಲ್ಲ ಎಂಬುದು ಕಿವಿಗೆ ಬಿದ್ದದ್ದು ಈಗ. ಅವಳು ಹುಡುಗಿಯ ಕಡೆ ತಿರುಗಲಿಲ್ಲ. ಹೊದಿಕೆಯನ್ನು ತಾನೇ ಪಕ್ಕಕ್ಕೆ ಸರಿಸಿ ಆ ಆರು ಜನರನ್ನು ಕರೆದಳು.

“ಬನ್ನಿ ಮಕ್ಕಳೇ. ನೀವಾದ್ರೂ ಒತ್ತಿ ನೋಡಿ.”